ಹಿಂದಿನ ಸೀಟಿಲ್ಲದ ಗಾಡಿ

ಹೊಳೆದಂಡೆಯ ಆಶ್ರಮದ ಮುಂದೆ ಒಂದು ಬೆಳಿಗ್ಗೆ ಕೆಂಪು ಕಾರು ಬಂದು ನಿಂತಿತು. ಅದಕ್ಕೆ ಮೇಲೆ ಮಾಡೇ ಇರಲಿಲ್ಲ.

ಆಶ್ರಮದ ಗುರು ಎಪ್ಪತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಕ್ಕ ತಲೆಯೆತ್ತಿ ನೋಡಿದರು.

ಬಂದವನು ಪಂಚಾಕ್ಷರಿ. ಅಕ್ಕನ ಹಳೆಯ ಶಿಷ್ಯ. ಗ್ರಾನೈಟ್ ವ್ಯಾಪಾರಿ, ಐವತ್ತು ದಾಟಿದವನು. ಇದ್ದ ನಾಲ್ಕು ಕೂದಲು ಗಾಳಿಗೆ ನೆಟ್ಟಗೆ ನಿಂತಿದ್ದವು. ಕಾರು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಅವನು ಅದರಿಂದ ಇಳಿಯಲಿಲ್ಲ, ಮಂಡಿ ಹಿಡಿದುಕೊಂಡು ಎದ್ದ.

"ಏನಪ್ಪ, ಮಾಡು ಹಾರಿಹೋಯಿತಾ?"

"ಇಲ್ಲ ಅಕ್ಕಾ, ಇದು ಇರೋದೇ ಹೀಗೆ. ಗುಂಡಿ ಒತ್ತಿದರೆ ಟಾಪು ಮಡಚಿಕೊಂಡು ಹಿಂದೆ ಡಿಕ್ಕಿಯೊಳಗೆ ಹೋಗುತ್ತೆ. ಸ್ಪೋರ್ಟ್ಸ್ ಕಾರು."

"ಎಲ್ಲರೂ ಮಾಡು ಹಾಕಿಸೋಕೆ ಖರ್ಚು ಮಾಡ್ತಾರೆ. ನೀನು ತೆಗೆಸೋಕೆ ಮಾಡಿದೆ. ಹೇಗಿದೆ?"

ಪಂಚಾಕ್ಷರಿ ಜಗಲಿಯ ಅಂಚಿನಲ್ಲಿ ಕೂತ. ಗುರುವಿನ ಮುಂದೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ಶೋರೂಮಿನಿಂದ ಹೊರಗೆ ಬಿದ್ದಾಗ ರಾಜನ ಹಾಗೆ ಅನ್ನಿಸ್ತು ಅಕ್ಕಾ. ಮೊದಲನೇ ಸಿಗ್ನಲ್‌ವರೆಗೆ."

"ಅಲ್ಲಿ ಏನಾಯಿತು?"

"ಪಕ್ಕದಲ್ಲಿ ಲಾರಿ ನಿಂತಿತ್ತು. ಕ್ಲೀನರ್ ಮೇಲಿಂದ ನನ್ನ ಬೋಳುತಲೆ ನೋಡಿ, ಅಂಕಲ್, ಬಿಸಿಲಿಗೆ ಟೋಪಿ ಹಾಕ್ಕೊಳ್ಳಿ ಅಂದ. ಆಮೇಲೆ ಕಾಲೇಜು ಹುಡುಗಿಯರು ಬಂದರು. ಫೋಟೋ ತೆಗೀತೀವಿ ಅಂದರು. ನಾನು ಕಾಲರ್ ಸರಿಮಾಡಿಕೊಂಡೆ. ಸ್ವಲ್ಪ ಬಗ್ಗಿ ಅಂಕಲ್, ನೀವು ಅಡ್ಡ ಬರ್ತಿದೀರ ಅಂದರು."

ಅಕ್ಕ ನಗಲಿಲ್ಲ. ನಗದೆ ಇರಲು ಒಂದು ಹುಣಸೆಬೀಜವನ್ನು ಬಹಳ ಹೊತ್ತು ನೋಡಿದರು.

"ರೋಡ್ ಹಂಪಿನಲ್ಲಿ ಗಾಡಿಯ ಹೊಟ್ಟೆ ಉಜ್ಜುತ್ತೆ. ದೂಳೆಲ್ಲ ಬಾಯಿಗೇ ಬರುತ್ತೆ. ಆದರೂ ಪರವಾಗಿಲ್ಲ ಅಕ್ಕಾ. ಇದರ ಖುಷಿ ಇನ್ನೂ ಶುರುವಾಗಿಲ್ಲ. ದಾಕ್ಷಾಯಿಣಿ ಹತ್ತಿ ಕೂತ ಮೇಲೆ ಶುರುವಾಗೋದು."

ದಾಕ್ಷಾಯಿಣಿ ಅವನ ಹೆಂಡತಿ. ಅತ್ತೆ ಹಾಸಿಗೆ ಹಿಡಿದಷ್ಟು ಕಾಲವೂ ನೋಡಿಕೊಂಡಳು. ಅತ್ತೆ ತೀರಿಕೊಂಡರು. ಕಾರ್ಯಕ್ಕೆ ಬಂದವರಿಗೆಲ್ಲ ಬಡಿಸಿ, ಪಾತ್ರೆ ತೊಳೆಸಿಟ್ಟು, ಮಾರನೆಯ ದಿನ ಒಂದು ಬ್ಯಾಗು ಹಿಡಿದು ಆಶ್ರಮಕ್ಕೆ ಬಂದಳು. ವಾಪಸ್ ಹೋಗಲಿಲ್ಲ. ಜಗಳವಿಲ್ಲ, ದೂರಿಲ್ಲ. ಪಂಚಾಕ್ಷರಿ ಫೋನು ಮಾಡಿ ಮಾಡಿ ಕೇಳಿದಾಗ ಒಂದೇ ಮಾತು ಹೇಳಿದ್ದಳು. "ಮದುವೆಯಾಗಿ ಇಷ್ಟು ವರ್ಷವಾಯಿತು. ಗಾಡಿಯಲ್ಲಿ ನಿಮ್ಮ ಪಕ್ಕ ಒಂದು ಸಲವೂ ಕೂತವಳಲ್ಲ ನಾನು."

ಅದು ನಿಜ. ಮುಂದಿನ ಸೀಟು ಅತ್ತೆಯದು. ಮದುವೆಗೆ ಹೋಗಲಿ, ಸಿನಿಮಾಕ್ಕೆ ಹೋಗಲಿ, ಮದುವೆಯಾದ ಹೊಸತರಲ್ಲಿ ಊಟಿಗೇ ಹೋಗಿರಲಿ. ದಾಕ್ಷಾಯಿಣಿ ಹಿಂದೆ, ನೀರಿನ ಕ್ಯಾನಿನ ಪಕ್ಕ.

"ಅದಕ್ಕೇ ಇದನ್ನ ತಗೊಂಡೆ ಅಕ್ಕಾ," ಪಂಚಾಕ್ಷರಿಯ ಮುಖ ಅರಳಿತು. "ಇದಕ್ಕೆ ಹಿಂದಿನ ಸೀಟೇ ಇಲ್ಲ! ಇರೋದು ಎರಡು. ಒಂದು ನಂದು, ಒಂದು ಅವಳದು. ಇನ್ನು ಅವಳು ಬೇಕಂದರೂ ಹಿಂದೆ ಕೂರೋ ಹಾಗಿಲ್ಲ. ನೀವು ಒಂದು ಮಾತು ಹೇಳಿ. ಇವತ್ತು ಬರದಿದ್ದರೆ ಅವಳು ಇನ್ನು ಬರಲ್ಲ ಅಂತ ನನಗೆ ಗೊತ್ತು."

"ನಾನು ಹೇಳಿದರೆ ನನ್ನ ಮಾತಿಗೆ ಬಂದ ಹಾಗಾಗುತ್ತೆ," ಅಂದರು ಅಕ್ಕ. "ನೀನೇ ಕರಿ."

ಅವನು ಕರೆದ.

ದಾಕ್ಷಾಯಿಣಿ ಒಳಗೆ ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದಳು. ಕಡ್ಡಿಯ ಚೂರು ಕೈಯಲ್ಲಿದ್ದ ಹಾಗೇ ಹೊಸ್ತಿಲಿಗೆ ಬಂದಳು. ಕಾರು ನೋಡಿದಳು. ಗಂಡನ ಕೂದಲು ನೋಡಿದಳು.

"ಇದೇನ್ರೀ ಅವತಾರ?"

"ನಿನಗೆ ಅಂತ ತಂದೆ."

"ನನಗೆ ಕಾರು ಯಾಕೆ? ಮಿಕ್ಸಿ ಕೆಟ್ಟು ವರ್ಷ ಆಯ್ತು, ಅದನ್ನ ತರಲಿಲ್ಲ."

"ದಾಕ್ಷಿ, ತಮಾಷೆ ಬೇಡ. ಹಿಂದಿನ ಸೀಟೇ ಇಲ್ಲ ನೋಡು ಇದರಲ್ಲಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳ ಮುಖದಲ್ಲಿ, ಬಹಳ ವರ್ಷ ಮುಚ್ಚಿಟ್ಟ ಕಿಟಕಿಯ ಚಿಲಕ ಸಡಿಲವಾದ ಹಾಗೆ, ಏನೋ ಅಲ್ಲಾಡಿತು. ಕಡ್ಡಿಯ ಚೂರನ್ನು ಹೊಸ್ತಿಲ ಪಕ್ಕ ಇಟ್ಟಳು. ಚಪ್ಪಲಿ ಮೆಟ್ಟಿಕೊಂಡಳು. ಗಾಳಿಗೆ ಹಾರೀತೆಂದು ಕೂದಲನ್ನು ಗಂಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು.

"ಬ್ಯಾಗು ಆಮೇಲೆ ತಗೋತೀನಿ," ಎಂದಳು. "ಮೊದಲು ಒಂದು ಸುತ್ತು ಕೂತು ನೋಡ್ತೀನಿ."

ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ, ಚೆಂಡುಹೂವಿನ ಹಾರ. ಅವಳು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದಳು.

ಸೀಟಿನ ಮೇಲೆ ಅತ್ತೆ ಕೂತಿದ್ದರು.

ತೇಗದ ಚೌಕಟ್ಟು ಹಾಕಿದ ದೊಡ್ಡ ಫೋಟೋ. ಹಣೆಗೆ ವಿಭೂತಿ, ಕೊರಳಿಗೆ ಮಲ್ಲಿಗೆ. ಅಡ್ಡಕ್ಕೆ ಬೆಲ್ಟು ಹಾಕಿತ್ತು. ತಗ್ಗಿನ ಸೀಟಿನಲ್ಲಿ ಒರಗಿದ್ದದ್ದು ಬಾಗಿಲು ತೆಗೆಯುವವರೆಗೆ ಕಂಡಿರಲಿಲ್ಲ.

"ಅದು..." ಪಂಚಾಕ್ಷರಿ ಓಡಿಬಂದ. "ಪೂಜೆ ಮಾಡಿಸಿದಾಗ ತಂಗಿ ಹೇಳಿದಳು. ಹೊಸ ಗಾಡಿಯಲ್ಲಿ ಮೊದಲು ಹಿರಿಯರು ಕೂರಬೇಕಂತೆ. ಅಮ್ಮ ಇದ್ದಿದ್ದರೆ ಅವರೇ ತಾನೆ ಮೊದಲು ಕೂರ್ತಿದ್ದದ್ದು? ತಡಿ, ತೆಗೀತೀನಿ."

ಬೆಲ್ಟು ಬಿಚ್ಚಿ ಫೋಟೋ ಎತ್ತಿಕೊಂಡ. ಎತ್ತಿಕೊಂಡು ನಿಂತ. ಹಿಂದೆ ನೋಡಿದ. ಹಿಂದೆ ಏನೂ ಇರಲಿಲ್ಲ.

"ಡಿಕ್ಕಿಯಲ್ಲಿಡಿ," ಎಂದಳು ದಾಕ್ಷಾಯಿಣಿ. ಅವಳ ದನಿ ಇನ್ನೂ ಮೆತ್ತಗೇ ಇತ್ತು.

"ಡಿಕ್ಕಿಯಲ್ಲಿ ಟಾಪು ಇದೆ."

"ಟಾಪು ಮೇಲೆ ಹಾಕಿದರೆ?"

"ಜಾಗ ಆಗುತ್ತೆ. ಆದರೆ ಅಮ್ಮನ್ನ ಡಿಕ್ಕಿಗೆ ಹಾಕೋದಾ?"

"ಇಲ್ಲಿ ಬಿಟ್ಟು ಹೋಗು," ಜಗಲಿಯಿಂದ ಅಕ್ಕ ಅಂದರು. "ದೇವರ ಮನೆಯಲ್ಲಿಡ್ತೀನಿ. ನಾಳೆ ಬಂದು ತಗೊಂಡು ಹೋಗು."

"ಇಲ್ಲ ಅಕ್ಕಾ, ಮೊದಲನೇ ಸವಾರಿ. ಮನೆಯಿಂದ ಹೊರಟ ಅಮ್ಮ ಮನೆಗೇ ಬರಬೇಕು. ತಂಗಿ ಆರತಿ ಹಿಡ್ಕೊಂಡು ಕಾಯ್ತಿದಾಳೆ."

ಅವನು ಸ್ವಲ್ಪ ಯೋಚಿಸಿದ. ಆಮೇಲೆ ಸುಲಭದ ದಾರಿ ಹೊಳೆದವನ ಹಾಗೆ ನಕ್ಕ.

"ಅಯ್ಯೋ, ಇದಕ್ಕೆಲ್ಲ ಇಷ್ಟೊಂದು ಯಾಕೆ? ದಾಕ್ಷಿ, ನೀನು ಕೂತ್ಕೋ. ಫೋಟೋ ನಿನ್ನ ಮಡಿಲಲ್ಲಿ ಇಟ್ಕೋ. ಮೂರೇ ಗಂಟೆ ದಾರಿ."

ಹೊಳೆಯ ಮೇಲಿಂದ ಗಾಳಿ ಬಂತು. ಚೆಂಡುಹೂವಿನ ಎಸಳು ಒಂದೆರಡು ಉದುರಿದವು.

ದಾಕ್ಷಾಯಿಣಿ ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದಳು. ಹತ್ತಲೂ ಇಲ್ಲ, ಬಿಡಲೂ ಇಲ್ಲ.

ಅಕ್ಕ ಹುಣಸೆಹಣ್ಣಿನ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. ಪಂಚಾಕ್ಷರಿಯ ಕೈಯಿಂದ ಫೋಟೋ ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಭಾರ ಇದೆ."

"ತೇಗ ಅಕ್ಕಾ. ಒಳ್ಳೇದೇ ಹಾಕಿಸಿದ್ದು."

"ಕೂತ್ಕೋ."

"ಯಾರು, ನಾನಾ?"

"ನೀನೇ. ಇಲ್ಲಿ." ಅಕ್ಕ ಎಡಗಡೆಯ ಸೀಟು ತೋರಿಸಿದರು.

ಗುರು ಹೇಳಿದ ಮೇಲೆ ಕೂರಲೇಬೇಕು. ಪಂಚಾಕ್ಷರಿ ಮಂಡಿ ಮಡಚಿ ಒಳಗಿಳಿದು ಕೂತ. ಅಕ್ಕ ಫೋಟೋವನ್ನು ಅವನ ಮಡಿಲಲ್ಲಿಟ್ಟರು. ಅದು ಅವನ ಗಡ್ಡದವರೆಗೆ ಬಂತು.

"ದಾಕ್ಷಾಯಿಣಿ ಓಡಿಸಲಿ," ಎಂದರು.

"ಅವಳಾ?"

"ಯಾಕೆ, ಬರಲ್ವಾ ಅವಳಿಗೆ?"

"ಬರುತ್ತೆ. ಅಮ್ಮನ್ನ ಆಸ್ಪತ್ರೆಗೆ ಅವಳೇ ಕರ್ಕೊಂಡು ಹೋಗ್ತಿದ್ದಳು. ನಾನು ಕ್ವಾರಿಯಲ್ಲಿ ಇರ್ತಿದ್ದೆ."

"ಮತ್ತೆ?"

"ಅದು ಹಳೇ ಗಾಡಿ ಅಕ್ಕಾ. ಅದೂ ಹಿಂದಿನ ಸೀಟಲ್ಲಿ ಅಮ್ಮ ಮಲಗಿರ್ತಿದ್ದರು."

"ಇದೂ ನಾಲ್ಕು ಚಕ್ರದ್ದೇ ಅಲ್ವಾ?"

ದಾಕ್ಷಾಯಿಣಿ ಬಾಗಿಲು ಬಿಟ್ಟಳು. ನಿಧಾನಕ್ಕೆ ಸುತ್ತಿ ಬಲಗಡೆಗೆ ಬಂದಳು. ಸ್ಟೀರಿಂಗ್ ಚಕ್ರದ ಮೇಲೆ ಒಂದು ಬೆರಳಿಟ್ಟಳು. ತಗೊಳ್ಳಬಹುದಾ ಎಂದು ಕೇಳುವ ಹಾಗೆ ಗಂಡನನ್ನು ನೋಡಿದಳು.

ಪಂಚಾಕ್ಷರಿ ಸುತ್ತ ನೋಡಿದ. ಅತ್ತಿತ್ತ ಯಾರೂ ಇರಲಿಲ್ಲ. ಆದರೆ ಮುಂದೆ ದಾರಿಯಿತ್ತು. ದಾರಿಯಲ್ಲಿ ಊರುಗಳಿದ್ದವು, ಊರುಗಳಲ್ಲಿ ಸಿಗ್ನಲ್ಲುಗಳಿದ್ದವು.

"ಅಕ್ಕಾ, ಮೇಲೆ ಟಾಪಿಲ್ಲ," ಎಂದ ಸಣ್ಣ ದನಿಯಲ್ಲಿ. "ಎಲ್ಲರಿಗೂ ಕಾಣುತ್ತೆ."

"ಏನು ಕಾಣುತ್ತೆ?"

"ಹೆಂಡತಿ ಓಡಿಸೋದು. ನಾನು ಹೀಗೆ ಫೋಟೋ ಹಿಡ್ಕೊಂಡು ಕೂತಿರೋದು. ನನಗೂ ಒಂದು ಹೆಸರು ಅಂತ ಇದೆ."

"ಅವಳು ಹಿಡ್ಕೊಂಡು ಕೂತಿದ್ದರೆ ಕಾಣ್ತಿರಲಿಲ್ವಾ?"

"ಅದು ಬೇರೆ ಅಕ್ಕಾ. ಅವಳು ಸೊಸೆ."



ದಾಕ್ಷಾಯಿಣಿ ಚಕ್ರದ ಮೇಲಿಂದ ಬೆರಳು ತೆಗೆದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡಳು.

"ಬಿಸಿಲು ಏರ್ತಾ ಇದೆ. ನೀವು ಹೊರಡಿ," ಎಂದಳು. "ಅತ್ತೆಗೆ ಬಿಸಿಲು ಆಗಿ ಬರ್ತಿರಲಿಲ್ಲ."

ಅಂಗಳ ದಾಟಿದಳು. ಚಪ್ಪಲಿ ಬಿಟ್ಟು ಹೊಸ್ತಿಲು ಹತ್ತಿದಳು. ಒಳಗೆ ಒಣ ಎಲೆಗಳನ್ನು ಸರಿಸುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು.

ಪಂಚಾಕ್ಷರಿ ಕಾರಿನಿಂದ ಏಳಲು ಎರಡು ಸಲ ಪ್ರಯತ್ನಪಟ್ಟ. ಮಡಿಲಲ್ಲಿ ಭಾರವಿಟ್ಟುಕೊಂಡು ಅಷ್ಟು ತಗ್ಗಿನ ಸೀಟಿನಿಂದ ಏಳುವುದು ಆಗದ ಕೆಲಸ. ಅಕ್ಕ ಸಹಾಯ ಮಾಡಲಿಲ್ಲ. ಕೊನೆಗೆ ಫೋಟೋವನ್ನು ಮೊದಲು ಹೊರಗಿಟ್ಟು, ಅದರ ಹಿಂದೆ ತಾನು ಬಂದ.

ಅವನ ಕಣ್ಣು ತುಂಬಿತ್ತು. ಅದು ದೂಳಿನಿಂದಲ್ಲ.

"ನಾನು ಅವಳಿಗೋಸ್ಕರವೇ ತಂದದ್ದು ಅಕ್ಕಾ. ನಿಮ್ಮಾಣೆ."

"ಗೊತ್ತು."

"ಎಲ್ಲಿ ತಪ್ಪಿದೆ ಹೇಳಿ."

ಅಕ್ಕ ಜಗಲಿಗೆ ಹೋಗಿ ಕೂತು ಮೊರ ಎಳೆದುಕೊಂಡರು.

ಪಂಚಾಕ್ಷರಿ ಅಂಗಳದಲ್ಲೇ ನಿಂತು ಯೋಚಿಸಿದ. ಕಾರು ನೋಡಿದ, ಫೋಟೋ ನೋಡಿದ, ಕತ್ತಲೆಯ ಬಾಗಿಲು ನೋಡಿದ. ಆಮೇಲೆ ಮೂಗು ಒರೆಸಿಕೊಂಡು ಹೇಳಿದ. "ಗೊತ್ತಾಯಿತು ಅಕ್ಕಾ. ಗಾಡಿ ಸಣ್ಣದಾಯಿತು. ಇದನ್ನ ಮಾರಿಬಿಡ್ತೀನಿ. ಏಳು ಸೀಟಿಂದು ತರ್ತೀನಿ. ಆಗ ಎಲ್ಲರಿಗೂ ಜಾಗ ಇರುತ್ತೆ. ಅಮ್ಮನಿಗೂ ಇರುತ್ತೆ, ಅವಳಿಗೂ ಇರುತ್ತೆ."

ಅಕ್ಕ ತಲೆಯೆತ್ತಲಿಲ್ಲ.

"ಬಸ್ಸೇ ತಂದರೂ ಅವಳು ನಿಂತುಕೊಂಡೇ ಬರಬೇಕು, ಪಂಚಾಕ್ಷರಿ."