ಸಮ ಗೆರೆಯ ಕೋಲು

ಮರುಳಜ್ಜನ ಮಠ ಹಿನ್ನೀರಿನ ನಡುಗಡ್ಡೆಯಲ್ಲಿತ್ತು. ಅಲ್ಲಿಗೆ ಕರೆಂಟು ಬಂದಿರಲಿಲ್ಲ.

ಹೋಗಿಬರಲು ಒಂದು ಡೀಸೆಲ್ ದೋಣಿ. ಅದಕ್ಕೆ ಬ್ಯಾಟರಿ ಇಲ್ಲ, ಮೀಟರೂ ಇಲ್ಲ. ಹ್ಯಾಂಡಲ್ ತಿರುವಿದರೆ ಎಂಜಿನ್ ಏಳುತ್ತಿತ್ತು. ಟಾಕಿಯಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಯಲು ಕೋಲು ಇಳಿಸಿ, ಎಲ್ಲಿವರೆಗೆ ಒದ್ದೆಯಾಯಿತೆಂದು ನೋಡಬೇಕು.

ಶಿಷ್ಯ ಅಡಿವೆಪ್ಪ ಬಂದು ಮೂರು ವರ್ಷವಾಗಿತ್ತು. ದೋಣಿ ತೊಳೆದಿದ್ದ, ನೀರು ಗೋರಿದ್ದ, ಹಗ್ಗ ಎಳೆದಿದ್ದ. ಜನರನ್ನು ಕೂರಿಸಿಕೊಂಡು ಒಬ್ಬನೇ ನಡೆಸಿರಲಿಲ್ಲ.

"ಅಜ್ಜಾರ, ನನ್ನ ಕೈಯಾಗ ದೋಣಿ ಯಾವಾಗ ಕೊಡ್ತೀರಿ?"

"ಯಾವಾಗ ಬೇಕು?"

"ಈ ಅಮಾಸಿಗೆ. ಇಲ್ಲಾಂದ್ರ ನಾ ಗಂಟು ಕಟ್ತೀನ್ರಿ."

"ಕಟ್ಟಾಕ ಏನೈತೋ ನಿಂದು? ಎರಡು ಪಂಜೆ." ಅಜ್ಜ ನಕ್ಕರು. "ಆತು. ಅಮಾಸಿಗೆ ನೀನ ನಡಸು."

ಅಡಿವೆಪ್ಪನಿಗೆ ಎಲ್ಲವೂ ಚೊಕ್ಕಟವಾಗಿರಬೇಕು ಅನ್ನಿಸಿತು. ಮೊದಲು ಕಣ್ಣಿಗೆ ಬಿದ್ದದ್ದು ಅಜ್ಜನ ಕೋಲು.

ಅದರ ಮೇಲೆ ಎಂಟು ಗೆರೆ, ಎಂಟು ಡಬ್ಬಿ ಎಣ್ಣೆಗೆ. ಆದರೆ ಕೆಳಗಿನ ಗೆರೆ ತುದಿಯಿಂದ ಎಷ್ಟೋ ದೂರ ಒಂಟಿಯಾಗಿ ನಿಂತಿತ್ತು. ಮೇಲಿನವು ಒಂದರ ಮೇಲೊಂದು ಬಿದ್ದಂತೆ ಒತ್ತಿಕೊಂಡಿದ್ದವು.

ಅಜ್ಜಾರಿಗೆ ಕಣ್ಣು ಮಂಜು, ಪಾಪ, ಅಂದುಕೊಂಡ.

ಹೊಸ ಬಿದಿರು ತಂದ. ಟೇಪು ಹಿಡಿದು ಎಂಟು ಸಮ ಭಾಗ ಮಾಡಿದ. ಪ್ರತಿ ಗೆರೆಗೂ ಕೆಂಪು ಬಣ್ಣ ತುಂಬಿದ. ಹಳೆಯ ಕೋಲನ್ನು ಅಮಾವಾಸ್ಯೆಯ ಹುಗ್ಗಿಯ ಒಲೆಗೆ ಇಟ್ಟ.

ಅಮಾವಾಸ್ಯೆಗೆಂದು ಮಠಕ್ಕೆ ಬಂದಿದ್ದ ಒಂಬತ್ತು ಹೆಂಗಸರು ಮಧ್ಯಾಹ್ನ ಊಟ ಮುಗಿಸಿ ದೋಣಿ ಹತ್ತಿದರು. ಒಬ್ಬಳ ಮಡಿಲಲ್ಲಿ ಕೂಸು. ಅಡಿವೆಪ್ಪ ಕೋಲು ಇಳಿಸಿದ. ಎರಡನೆಯ ಗೆರೆಯವರೆಗೆ ಒದ್ದೆಯಾಗಿತ್ತು.

ದಂಡೆಯ ಮೇಲಿದ್ದ ಅಜ್ಜ ಕೇಳಿದರು: "ಟಾಕಿ ಏನಂತೈತಿ?"

"ಎರಡು ಡಬ್ಬಿ ಅಂತೈತ್ರಿ. ಹೋಗಾಕ ಒಂದು, ಬರಾಕ ಒಂದು."

ಅಜ್ಜ ಕೋಲನ್ನು ಇಸಿದುಕೊಂಡು ತಿರುಗಿಸಿ ನೋಡಿದರು.

"ಭಾಳ ಚಂದ ಮಾಡೀಯಪ್ಪ," ಎಂದು ವಾಪಸು ಕೊಟ್ಟರು.

ಅಡಿವೆಪ್ಪ ಉಬ್ಬಿಹೋದ.

ನಡುನೀರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

"ಏನಾತೋ ತಮ್ಮಾ?" ಎಂದಳು ಎಲ್ಲರಿಗಿಂತ ಹಿರಿಯಳಾದ ಸಾವಂತ್ರೆವ್ವ.

"ಎಣ್ಣಿ ತೀರೇತಿ ಬೇ."

"ಎರಡು ಡಬ್ಬಿ ಐತಿ ಅಂದೆಲ್ಲ? ಯಾರು ಕುಡದ್ರು?"

"ಕೋಲು ಹಂಗ ಅಂತು."

"ಕೋಲು ಅಂತಂತ! ಕೇಳ್ರೆವಾ, ಇವನ ಕೋಲಿಗೆ ಬಾಯಿ ಬಂದೈತಿ."

ಕೂಸಿನ ತಾಯಿ ಕೇಳಿದಳು: "ಯಣ್ಣಾ, ನನ್ನ ಮಗಗ ಮೀಸಿ ಬರೋದರಾಗ ದಂಡಿ ಮುಟ್ಟಸ್ತೀಯೇನು?"

ಎಲ್ಲರೂ ನಕ್ಕರು. ನಗುತ್ತಿದ್ದರೂ ಒಬ್ಬಳೂ ದೋಣಿಯ ಅಂಚು ಬಿಟ್ಟಿರಲಿಲ್ಲ. ಅಡಿವೆಪ್ಪ ಅದನ್ನು ನೋಡಿದ.

ಸ್ವಲ್ಪ ಹೊತ್ತಿಗೆ ಮಠದ ಕಡೆಯಿಂದ ಒಂದು ಹರಿಗೋಲು ಬಂತು. ಒಳಗೆ ಅಜ್ಜ, ಪಕ್ಕದಲ್ಲಿ ತುಂಬಿದ ಎರಡು ಡಬ್ಬಿ.

ಅಜ್ಜ ಟಾಕಿಯ ಮುಚ್ಚಳ ತೆಗೆದರು. ಎಣ್ಣೆ ಸುರಿದರು. ಎಣ್ಣೆ ಪೈಪಿನ ಸ್ಕ್ರೂ ಸಡಿಲಿಸಿ ಒಳಗೆ ಸಿಕ್ಕಿದ್ದ ಗಾಳಿ ಹೊರಬಿಟ್ಟರು, ಮತ್ತೆ ಬಿಗಿದರು. ಹ್ಯಾಂಡಲ್ ಕಡೆ ಕಣ್ಣು ಮಾಡಿದರು. ಅಡಿವೆಪ್ಪ ತಿರುವಿದ.

ಹೆಂಗಸರನ್ನು ಆಚೆ ದಂಡೆಗೆ ಇಳಿಸಿ, ಹರಿಗೋಲನ್ನು ಹಿಂದೆ ಕಟ್ಟಿಕೊಂಡು ಇಬ್ಬರೂ ಮರಳಿದರು.

ಮಠದ ದಂಡೆಗೆ ಬಂದ ಮೇಲೆ ಅಡಿವೆಪ್ಪನೇ ಬಾಯಿ ಬಿಟ್ಟ.

"ನಿಮಗ ಗೊತ್ತಿತ್ರಿ."

"ನಿನ್ನ ಕೋಲು ನೋಡಿದಾಗ ಗೊತ್ತಾತು."

"ಮತ್ತ ಯಾಕ ಹೇಳಲಿಲ್ರಿ?"

"ಎಂಟು ಗೆರಿ ಕೊರದು ಹೇಳಿದ್ನೆಲ್ಲೋ ಮಾರಾಯಾ. ನೀ ಅದರ ಮ್ಯಾಲ ಹುಗ್ಗಿ ಕುದಿಸಿ ನನಗ ಉಣಿಸಿದಿ."

ಅಡಿವೆಪ್ಪ ತಲೆ ತಗ್ಗಿಸಿದ.

"ಟಾಕಿ ಕೆಳಗ ಕೈ ಹಾಕು," ಎಂದರು ಅಜ್ಜ.

ಅವನು ಮಂಡಿಯೂರಿ ಕೈ ಹಾಕಿದ. ದೋಣಿಯ ಹೊಟ್ಟೆಗೆ ಹೊಂದುವಂತೆ ಮಾಡಿದ ಟಾಕಿ ಅದು. ಮೇಲೆ ಎರಡು ಮೊಳ ಅಗಲ. ಇಳಿಯುತ್ತ ಇಳಿಯುತ್ತ ತಳದಲ್ಲಿ ಅಂಗೈಯಷ್ಟೂ ಇರಲಿಲ್ಲ. ಮೂರು ವರ್ಷ ಅದನ್ನು ಒರೆಸಿದ್ದ, ಮೇಲಷ್ಟೇ.

ಟಾಕಿಯನ್ನು ಖಾಲಿ ಮಾಡಿದರು. ಅಡಿವೆಪ್ಪ ಮಠದ ಪೀಪಾಯಿಯಿಂದ ಒಂದೊಂದೇ ಡಬ್ಬಿ ತಂದು ಸುರಿದ. ಪ್ರತಿ ಡಬ್ಬಿಗೂ ಬೇರೊಂದು ಬಿದಿರು ಇಳಿಸಿ, ಒದ್ದೆಯಾದಲ್ಲಿ ಚಾಕುವಿನಿಂದ ಗೆರೆ ಕೊರೆದ. ಮೊದಲ ಡಬ್ಬಿಗೆ ಹತ್ತಿರ ಹತ್ತಿರ ಒಂದು ಗೇಣು ಒದ್ದೆಯಾಯಿತು. ಎಂಟನೆಯದಕ್ಕೆ ಬರೀ ಎರಡು ಬೆರಳು ಏರಿತು.

ಮುಗಿಯುವಾಗ ಹೊತ್ತು ಇಳಿಯುತ್ತಿತ್ತು.

"ನಿಮ್ಮ ಕೋಲಿನ ಗತೇನ ಬಂತ್ರಿ ಅಜ್ಜಾರ."

"ನಂದಲ್ಲೋ ಅದು. ಟಾಕಿದು."

ಅಡಿವೆಪ್ಪ ಕೋಲನ್ನು ದಂಡೆಯಲ್ಲಿ ಕೂತಿದ್ದ ಅಜ್ಜನ ಕಾಲ ಬಳಿ ಇಟ್ಟ.

"ಇನ್ನ ನಾ ದೋಣಿ ಮುಟ್ಟಂಗಿಲ್ರಿ. ಒಂಬತ್ತು ಮಂದಿ ಹೆಣ್ಮಕ್ಕಳು, ಒಂದು ಕೂಸು. ಗಾಳಿ ಎದ್ದಿದ್ರ ಏನು ಗತಿರಿ?"

"ನಾನೂ ಅದನ್ನ ಯೋಚಿಸ್ಕೋಂತ ಹುಟ್ಟು ಹಾಕೀನಿ," ಎಂದರು ಅಜ್ಜ. "ತೋಳು ಇನ್ನೂ ನೋಯಾಕತ್ತಾವು."



ಆಮೇಲೆ ಅಜ್ಜ ಎದ್ದು ದೋಣಿ ಹತ್ತಿದರು. ಹಲಗೆಯ ಮೇಲೆ ಶಾಲು ಹಾಸಿ, ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿ ಕಣ್ಣು ಮುಚ್ಚಿದರು.

"ಅಜ್ಜಾರ, ಎಲ್ಲಿಗ್ರಿ?"

"ಆಚಿ ದಂಡಿಗೆ. ಮುಟ್ಟಿದ ಮ್ಯಾಲ ಎಬ್ಬಿಸು."