ಕಾವಿಗೆ ಕೂತ ಕೋಳಿಯ ಹೊಟ್ಟೆ ಏಕೆ ಬೋಳು?

ಮಗೂ, ಇದು ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲದ ಮಾತು. ಹೊಳೆಗಳು ಎತ್ತ ಹರಿಯಬೇಕೆಂದು ತಿಳಿಯದೆ ಅಲೆಯುತ್ತಿದ್ದವು. ಲೋಕದಲ್ಲಿ ಇದ್ದದ್ದು ಒಂದೇ ಹುಂಜ, ಒಂದೇ ಹೇಂಟೆ.

ಹೇಂಟೆಗೆ ಕೊರಳಿಂದ ಕಾಲಿನವರೆಗೂ ದಟ್ಟ ಪುಕ್ಕ. ಎದೆ, ಹೊಟ್ಟೆಯ ಮೇಲಂತೂ ಜೇನಿನ ಬಣ್ಣದ್ದು. ನವಿಲು ಕೂಡ ಹಿತ್ತಲಿಗೆ ಬಂದು ನಿಂತು ನೋಡಿ ಹೋಗುತ್ತಿತ್ತು. ಹೇಂಟೆಗೆ ಸ್ವಲ್ಪ ಜಂಬವಿತ್ತು. ಇರಲಿ ಬಿಡು, ಅಷ್ಟು ಚೆಂದ ಇದ್ದರೆ ನನಗೂ ಇರುತ್ತಿತ್ತು.

ಆದರೆ ಅದಕ್ಕೊಂದು ದುಃಖವಿತ್ತು. ಎರಡು ಸಲ ಕಾವಿಗೆ ಕೂತಿತ್ತು. ಎರಡು ಸಲವೂ ಮೊಟ್ಟೆಗಳು ತಣ್ಣಗೇ ಉಳಿದು ಕೊಳೆತುಹೋಗಿದ್ದವು.

ಅದನ್ನು ಸಾಕಿದವಳು ಸಣ್ಣೀರಮ್ಮ. ಬುಟ್ಟಿಗೆ ಬೂದಿ ಹರಡಿ, ಮೇಲೆ ಭತ್ತದ ಹೊಟ್ಟು ಹಾಕಿ, ಒಂಬತ್ತು ಮೊಟ್ಟೆ ಇಟ್ಟು ಮೂರನೆಯ ಸಲ ಕೂರಿಸಿದಳು. ಇದೂ ಹೋದರೆ ಕೋಳಿಯನ್ನು ನೀರಲ್ಲಿ ಅದ್ದಿ ಕಾವು ಬಿಡಿಸುತ್ತೇನೆ, ಇನ್ನೆಂದೂ ಕೂರಿಸುವುದಿಲ್ಲ ಎಂದಳು. ಸಿಟ್ಟಿಗಲ್ಲ, ಹೇಂಟೆ ಕೂತು ಕೂತು ಸೊರಗುವುದನ್ನು ನೋಡಲಾರದೆ.

ಸಂಜೆ ಬಂದು ಒಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ತಣ್ಣಗಿತ್ತು. ಕಂಬಳಿಯ ತುಂಡು ತಂದು ಮೊಟ್ಟೆಗಳಿಗೆ ಹೊದಿಸಿ, ಅದರ ಮೇಲೆ ಹೇಂಟೆಯನ್ನು ಕೂರಿಸಿದಳು. ಮಕ್ಕಳಿಗೆ ಹೊದಿಸಿ ಮಲಗಿಸುವವಳಿಗೆ ಬೇರೇನು ತೋಚೀತು? ಬೆಳಿಗ್ಗೆ ನೋಡಿದರೆ ಮೊಟ್ಟೆ ಇನ್ನೂ ತಣ್ಣಗಿತ್ತು.

ಬುಟ್ಟಿಯ ಸಂದಿಯಿಂದ ಗಾಳಿ ಒಳಗೆ ಬಂತು. ಹೇಂಟೆ ಅದರ ಮುಂದೆ ತನ್ನ ಕಷ್ಟ ಹೇಳಿಕೊಂಡಿತು. ಗಾಳಿ ಕಂಬಳಿಯ ಅಡಿ ನುಗ್ಗಿ, ಪುಕ್ಕದ ನಡುವೆ ನುಸುಳಿ, ಎಲ್ಲ ಮುಟ್ಟಿ ನೋಡಿ ಬಂತು.

"ನಿನ್ನ ಮೈ ಬೇಕಾದಷ್ಟು ಬಿಸಿ ಇದೆ ಕಣಮ್ಮ. ಆ ಬಿಸೀನ ಕಂಬಳಿ ತಡೀತದೆ. ನಿನ್ನ ಪುಕ್ಕಾನೂ ತಡೀತದೆ. ಮಕ್ಕಳ ತನಕ ಅದು ಹೋಗೋದೇ ಇಲ್ಲ," ಎಂದಿತು.

ಹೇಂಟೆ ಕಂಬಳಿಯನ್ನು ಕೊಕ್ಕಿನಿಂದ ಎಳೆದು ಹೊರಗೆ ಹಾಕಿತು. ಅದೇನೋ ಸುಲಭ. ಆಮೇಲೆ ತನ್ನ ಎದೆಯನ್ನು ನೋಡಿಕೊಂಡಿತು. ಬಹಳ ಹೊತ್ತು ನೋಡಿಕೊಂಡಿತು.

ಕಣ್ಣು ಮುಚ್ಚಿ ಒಂದು ಪುಕ್ಕ ಕಿತ್ತಿತು. ಇನ್ನೊಂದು ಕಿತ್ತಿತು. ನೋವಾಯಿತು, ಮತ್ತೊಂದು ಕಿತ್ತಿತು. ಹೊಟ್ಟೆ ಬೋಳಾಗುವವರೆಗೂ ಕಿತ್ತು, ಬರಿಮೈಯನ್ನು ಮೊಟ್ಟೆಗಳ ಮೇಲೆ ಒತ್ತಿ ಕೂತಿತು.

ಸಣ್ಣೀರಮ್ಮ ಬಂದು ನೋಡಿದವಳೇ ಬುಟ್ಟಿಯ ಪಕ್ಕ ಕೂತಳು. "ನಿನ್ನ ಚೆಂದಾನೆಲ್ಲ ಕಿತ್ತಾಕ್ಬುಟ್ಯಲ್ಲವ್ವಾ," ಎಂದು ಅತ್ತಳು. ಅಳುತ್ತಲೇ ಮೊಟ್ಟೆ ಮುಟ್ಟಿದಳು. ಬೆಚ್ಚಗಿತ್ತು.

ಇಪ್ಪತ್ತೊಂದನೆಯ ದಿನ ಒಂಬತ್ತು ಮೊಟ್ಟೆಯೂ ಒಡೆದು ಒಂಬತ್ತು ಮರಿ ಬಂದವು.

ಮುಂದಿನ ವಾರ ಮರಿಗಳು ಹಿತ್ತಲು ಕೆದಕುತ್ತಿದ್ದಾಗ ಮೇಲಿಂದ ಹದ್ದು ಎರಗಿತು. ಹೇಂಟೆ ಒಂದೇ ಸಲ ಕೂಗಿತು. ಓಡಿ ಬಂದ ಮರಿಗಳು ಬೇರೆಲ್ಲೂ ಹೋಗಲಿಲ್ಲ, ನೇರವಾಗಿ ಆ ಬೋಳು ಜಾಗಕ್ಕೇ ಬಂದು ಅಂಟಿಕೊಂಡವು. ಹೇಂಟೆ ರೆಕ್ಕೆ ಹರಡಿ ಕೂತುಬಿಟ್ಟಿತು. ಹದ್ದು ಅದರ ಬೆನ್ನನ್ನು ಪರಚಿತು, ಕುಕ್ಕಿತು. ಹೇಂಟೆ ಕೂತಲ್ಲಿಂದ ಅಲುಗಲಿಲ್ಲ. ಕೊನೆಗೆ ಹದ್ದೇ ಸೋತು, ಉಗುರಿಗೆ ಸಿಕ್ಕಿದ ನಾಲ್ಕು ಪುಕ್ಕ ಹೊತ್ತುಕೊಂಡು ಹಾರಿಹೋಯಿತು. ಒಂದು ಮರಿಯೂ ಕಡಿಮೆಯಾಗಲಿಲ್ಲ. ಅಂಥ ಎದೆಗಾರ್ತಿ ಇನ್ನೊಬ್ಬಳನ್ನು ನಾನಂತೂ ಕಂಡಿಲ್ಲ.

ಅದಕ್ಕೇ ಮಗೂ, ಕಾವಿಗೆ ಕೂತ ಕೋಳಿ ಇವತ್ತಿಗೂ ಹೊಟ್ಟೆಯ ಪುಕ್ಕ ಕಿತ್ತುಕೊಳ್ಳುತ್ತದೆ. ನೀನು ಕೈ ಹಾಕಿದರೆ ಕುಕ್ಕುತ್ತದೆ, ಆದರೂ ಒಮ್ಮೆ ಕುಕ್ಕಿಸಿಕೊಂಡು ಮುಟ್ಟಿ ನೋಡು, ಅಲ್ಲಿ ಪುಕ್ಕವಿಲ್ಲದ ಬೆಚ್ಚನೆಯ ಬರಿಮೈ ನಿನ್ನ ಕೈಗೆ ಸಿಗುತ್ತದೆ.