ಕೇಳಿದ್ದೊಂದು, ಹೇಳಿದ್ದೊಂದು

ಫಕ್ಕೀರೇಶನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಧ್ಯಾನಕ್ಕೆ ಕೂತರೆ ಕಾಲು ಜೋಮು ಹಿಡಿಯುವ ಮೊದಲೇ ಮನಸ್ಸು ಎದ್ದು ಹೊರಟಿರುತ್ತಿತ್ತು.

ಗದಗಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮನುಷ್ಯ. ನೌಕರಿ ಬಿಟ್ಟು, ಮಲಪ್ರಭೆಯ ದಂಡೆಯ ಮೇಲಿದ್ದ ನಿಂಬೆವ್ವ ತಾಯಿಯ ಆಶ್ರಮಕ್ಕೆ ಬಂದು ಸೇರಿದ್ದ. ಬಂದ ದಿನದಿಂದ ಅವನಿಗೆ ಬೇಕಾಗಿದ್ದದ್ದು ಒಂದೇ, ಅವ್ವನ ಬಾಯಿಂದ ಉಪದೇಶ.

"ಅವ್ವಾರ, ನನಗ ಯಾವಾಗ?" ಎಂದು ಕೇಳುತ್ತಿದ್ದ.

"ಹೊಳಿಗೆ ಹೋಗಿ ಒಂದು ಕೊಡ ನೀರು ತಾ," ಎನ್ನುತ್ತಿದ್ದರು ಅವ್ವ.

ನೀರು ತಂದಿಟ್ಟು ಮತ್ತೆ ಕೇಳುತ್ತಿದ್ದ.

"ಇನ್ನೊಂದು ಕೊಡ ತಾ."

ಅವನಾದ ಮೇಲೆ ಬಂದ ಇಬ್ಬರಿಗೆ ಉಪದೇಶ ಆಗಿಹೋಯಿತು. ಅಂದು ಫಕ್ಕೀರೇಶ ಊಟ ಬಿಟ್ಟ. ಅವ್ವ ಯಾಕೆಂದು ಕೇಳಲಿಲ್ಲ.

ಹೀಗಿರುವಾಗ, ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಕೆಲವು ಭಕ್ತರು ಅವ್ವನನ್ನು ಪ್ರವಚನಕ್ಕೆ ಕರೆಸಿಕೊಂಡರು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವರ ಮಾತನ್ನು ಇಂಗ್ಲಿಷಿಗೆ ದಾಟಿಸಲು ಫಕ್ಕೀರೇಶ ಜೊತೆಗೆ ಹೋದ.

ಪ್ರವಚನಗಳೆಲ್ಲ ಮುಗಿದು, ವಿಮಾನ ಹತ್ತುವ ಮೊದಲು ಒಂದು ದಿನ ಬಿಡುವು ಉಳಿಯಿತು.

"ಏನು ನೋಡಬೇಕು ಅಂತೀರಿ ತಾಯಿ?" ಎಂದು ಭಕ್ತರು ಕೇಳಿದರು.

ಅವ್ವ ಬಾಯಿ ತೆರೆಯುವ ಮೊದಲೇ ಫಕ್ಕೀರೇಶ, "ಆಲ್ಪ್ಸ್ ಪರ್ವತ," ಎಂದುಬಿಟ್ಟ.

ಅದಕ್ಕೊಂದು ಕಾರಣವಿತ್ತು. ತಮ್ಮ ಗುರು ತಮಗೆ ಗುಡ್ಡದ ಮೇಲೆ ಉಪದೇಶ ಕೊಟ್ಟರೆಂದು ಅವ್ವ ಒಮ್ಮೆ ಮಾತಿಗೆ ಮಾತು ಬಂದಾಗ ಹೇಳಿದ್ದರು. ಅದು ಅವನ ತಲೆಯಲ್ಲಿ ಹೊಕ್ಕು ಕೂತಿತ್ತು. ಲೋಕಕ್ಕೇ ಹೆಸರಾದ ಪರ್ವತ, ಹತ್ತಿರ ಯಾವ ಭಕ್ತರೂ ಇಲ್ಲ. ಅಲ್ಲಿ ಕೊಡದಿದ್ದರೆ ಇನ್ನೆಲ್ಲಿ ಕೊಟ್ಟಾರು? ಅಲ್ಲಿಯೂ ಸಿಗದಿದ್ದರೆ ಊರು ಮುಟ್ಟಿದ ಮೇಲೆ ಆಶ್ರಮವನ್ನೇ ಬಿಡುವುದೆಂದು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದ.

ಭಕ್ತರು ಅವರಿಬ್ಬರಿಗಾಗಿಯೇ ಒಬ್ಬ ಗೈಡನ್ನು ಗೊತ್ತು ಮಾಡಿದರು. ಆಕೆಯ ಹೆಸರು ಉರ್ಸಿನಾ. ಬಿಸಿಲಿಗೆ ಕೆಂಪಾದ ಮುಖ, ಗಿಡ್ಡ ಕತ್ತರಿಸಿದ ನರೆಗೂದಲು. ಹುಟ್ಟಿ ಬೆಳೆದದ್ದೇ ಆ ಬೆಟ್ಟಗಳ ಬುಡದಲ್ಲಂತೆ.

ಬೆಳಿಗ್ಗೆ ಹಳ್ಳಿಯ ಕಡೆಯ ಮನೆ ದಾಟಿ ಮೂವರೂ ಏರತೊಡಗಿದರು. ಇಬ್ಬದಿಗೂ ಹುಲ್ಲುಗಾವಲು, ಕೊರಳಿಗೆ ದೊಡ್ಡ ಗಂಟೆ ಕಟ್ಟಿದ ದನಗಳು. ದೂರದಲ್ಲಿ, ಎರಡು ಶಿಖರಗಳ ನಡುವೆ, ದಾರಿಯ ನೆತ್ತಿ. ಅದನ್ನು ಮುಟ್ಟಿದರೆ ಆಚೆ ಬದಿಯ ಹಿಮನದಿ ಕಾಣುತ್ತದೆ ಎಂದಳು ಉರ್ಸಿನಾ.

ಆಕೆ ಬಹಳ ನಿಧಾನವಾಗಿ ನಡೆಯುತ್ತಿದ್ದಳು. ಫಕ್ಕೀರೇಶನಿಗೆ ಮೈ ಪರಚಿಕೊಳ್ಳುವಂತಾಯಿತು. ಆಕೆಯನ್ನು ದಾಟಿ ಮುಂದೆ ಹೋಗುತ್ತಿದ್ದ, ನಿಲ್ಲುತ್ತಿದ್ದ, ಕಾಯಲಾರದೆ ತಿರುಗಿ ಇಳಿದು ಬರುತ್ತಿದ್ದ.

"ಇನ್ನೂ ಎಷ್ಟು ದೂರ?"

"ಆಗ ಕೇಳಿದಾಗ ಎಷ್ಟಿತ್ತೋ ಅದಕ್ಕಿಂತ ಸ್ವಲ್ಪ ಕಡಿಮೆ," ಎಂದಳು ಉರ್ಸಿನಾ.

ಅವ್ವ ಹಿಂದಿನಿಂದ ಕೋಲೂರಿಕೊಂಡು ಬರುತ್ತಿದ್ದರು. ಬಿಳಿ ಸೀರೆಯ ಮೇಲೆ ಭಕ್ತರು ಕೊಟ್ಟ ದಪ್ಪ ಜಾಕೆಟ್ಟು. ಹೂ ಕಂಡಲ್ಲಿ ನಿಲ್ಲುತ್ತಿದ್ದರು. ಆಕಳು ಹತ್ತಿರ ಬಂದರೆ ಅದರ ಹಣೆ ತುರಿಸುತ್ತಿದ್ದರು.

"ಅವ್ವಾರ, ಹೊತ್ತಾಗಾಕತ್ತೈತಿ."

"ಯಾರಿಗೆ?" ಅಂದರು ಅವ್ವ.

ಹೊತ್ತು ನೆತ್ತಿಗೇರುವಾಗ ದನಗಾಹಿಗಳ ಒಂದು ಕಲ್ಲುಗುಡಿಸಲು ಸಿಕ್ಕಿತು. ಅಂಗಳದಲ್ಲಿ ದನಗಳು ನೀರು ಕುಡಿಯುವ ಮರದ ದೋಣಿಗೆ ಬೆಟ್ಟದ ನೀರು ಬೀಳುತ್ತಿತ್ತು. ಉರ್ಸಿನಾ ಬ್ರೆಡ್ಡು, ಚೀಸು ತೆಗೆದು ಕೊಟ್ಟಳು. ತಾನು ಮಾತ್ರ ತಿನ್ನಲಿಲ್ಲ. ಪಡುವಣ ದಿಕ್ಕಿನ ಆಕಾಶವನ್ನೇ ನೋಡುತ್ತಿದ್ದಳು. ಆಮೇಲೆ ಬಂದು ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವರ ಬಲ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಮಧ್ಯಾಹ್ನದ ಮೇಲೆ ಸಿಡಿಲುಮಳೆ ಬರುವ ಹಾಗಿದೆ," ಎಂದಳು ಫಕ್ಕೀರೇಶನಿಗೆ. "ಕಾಲು ಗಟ್ಟಿಯಿದ್ದರೆ ಈಗಲೇ ಹೊರಟು ನೆತ್ತಿ ಮುಟ್ಟಿ, ಅದು ಬರುವುದರೊಳಗೆ ಇಲ್ಲಿಗೆ ಇಳಿಯಬಹುದು. ಆದರೆ ನಿಮ್ಮ ಗುರುಗಳು ಬಲಗಾಲು ಎಳೆದಿಡುತ್ತಿದ್ದಾರೆ. ಮೊಣಕಾಲು ನೋಯುತ್ತಿದೆಯೇ ಕೇಳಿ. ಸ್ವಲ್ಪ ನೋವಿದ್ದರೂ ಇಲ್ಲಿಂದಲೇ ಹಿಂತಿರುಗೋಣ."

ಫಕ್ಕೀರೇಶ ತಲೆ ಎತ್ತಿ ಮೇಲೆ ನೋಡಿದ. ನೆತ್ತಿ ಕಣ್ಣೆದುರಿಗೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರವೆನಿಸುತ್ತಿತ್ತು.

"ಏನಂತಾಳ ಆಕಿ?" ಅವ್ವ ಕೇಳಿದರು.

"ಗುಡ್ಡ ಮನಸಿಗೆ ಬಂದಾವೇನು ಅಂತ ಕೇಳಾಕತ್ತಾಳ್ರಿ."

ಅವ್ವ ಅವನ ಮುಖ ನೋಡಿದರು. ತಮ್ಮ ಮೊಣಕಾಲಿನ ಮೇಲಿದ್ದ ಕೈ ನೋಡಿದರು.

"ಬಾಳ ಚಂದ ಅದಾವ ಅಂತ ಹೇಳು."

ಫಕ್ಕೀರೇಶ ಉರ್ಸಿನಾಳ ಕಡೆ ತಿರುಗಿದ. "ಒಂದಿಷ್ಟೂ ನೋವಿಲ್ಲವಂತೆ. ಹೋಗೋಣ ಅಂತಾರೆ."

ಉರ್ಸಿನಾ ತಟ್ಟನೆ ಏಳಲಿಲ್ಲ. "ಸರಿಯಾಗಿ ಕೇಳಿದಿರಾ?"

"ಕೇಳಿದೆ."

ಅವ್ವ ಕೋಲಿನ ಮೇಲೆ ಭಾರ ಹಾಕಿ ಎದ್ದು ನಿಂತರು. "ನಡೀ ಹಂಗಾರ."

ಗುಡಿಸಲು ದಾಟಿದ ಮೇಲೆ ಹುಲ್ಲು ಮುಗಿಯಿತು. ಮುಂದೆ ಬರೀ ಸಡಿಲ ಕಲ್ಲುಗಳ ಏರು. ಹೆಜ್ಜೆಯಿಟ್ಟರೆ ಕಲ್ಲು ಜಾರಿ ಕೆಳಗೆ ಉರುಳುತ್ತಿತ್ತು. ಫಕ್ಕೀರೇಶ ಎಲ್ಲರಿಗಿಂತ ಮುಂದಿದ್ದ. ಅವ್ವ ಏನು ಹೇಳಿಯಾರು? ಒಂದೇ ಮಾತೋ, ಒಂದು ಮಂತ್ರವೋ? ತಾನು ಎಲ್ಲಿ ಕೂರಬೇಕು? ಗೈಡನ್ನು ಸ್ವಲ್ಪ ಆಚೆಗೆ ಹೋಗಿರು ಎಂದರೆ ಬೇಸರಪಟ್ಟುಕೊಂಡಾಳೇ?

ಹಿಂದಿನಿಂದ ಕೋಲಿನ ಸದ್ದು ಕೇಳುತ್ತಿತ್ತು. ಒಮ್ಮೆ ಟಕ್ ಎನ್ನುತ್ತಿತ್ತು, ನಿಲ್ಲುತ್ತಿತ್ತು. ಮತ್ತೊಮ್ಮೆ ಟಕ್ ಎನ್ನಲು ಬಹಳ ಹೊತ್ತು ಹಿಡಿಯುತ್ತಿತ್ತು.

ತಿರುಗಿ ನೋಡಿದರೆ ಏನು ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ.

ದೂರದಲ್ಲಿ ಗುಡುಗಿತು. ಗಾಳಿ ಒಮ್ಮೆಲೇ ತಣ್ಣಗಾಯಿತು. ಆಗ ಕೋಲಿನ ಸದ್ದು ಪೂರ್ತಿ ನಿಂತುಹೋಗಿ, ಉರ್ಸಿನಾ ಅವನ ಹೆಸರು ಹಿಡಿದು ಕೂಗಿದಳು.

ಅವ್ವ ಒಂದು ಬಂಡೆಯ ಮೇಲೆ ಬಲಗಾಲು ಚಾಚಿ ಕೂತಿದ್ದರು. ತುಟಿ ಬಿಳಿಚಿಕೊಂಡಿತ್ತು. ಉರ್ಸಿನಾ ಸೀರೆಯಂಚು ಸರಿಸಿ ನೋಡಿದಳು. ಮೊಣಕಾಲು ಬಾತು ಗುಂಡಗಾಗಿತ್ತು.

"ಇದು ಈಗ ಆದದ್ದಲ್ಲ," ಎಂದಳು. "ನೋವಿಲ್ಲ ಅಂದರು ಎಂದು ನೀವು ಹೇಳಿದಿರಿ. ನಿಜವಾಗಿ ಅವರು ಏನು ಹೇಳಿದರು?"

ಇನ್ನೊಂದು ಸುಳ್ಳು ಅವನ ನಾಲಗೆಯ ತುದಿಗೇ ಬಂದು ನಿಂತಿತು. ಈಗಷ್ಟೇ ಉಳುಕಿತಂತೆ ಎಂದರಾಯಿತು. ಇವರಿಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ನೆತ್ತಿ ಇನ್ನು ಕೂಗಳತೆಯಲ್ಲಿತ್ತು.

"ಫಕ್ಕೀರಾ, ಏನಂತಾಳ ಆಕಿ?"

ಅವನಿಗೆ ಅವ್ವನ ಬಿಳಿ ತುಟಿಯಿಂದ ಕಣ್ಣು ಕೀಳಲಾಗಲಿಲ್ಲ.

"ಆಗ ನೀವು ಖರೇನ ಏನಂದ್ರಿ ಅಂತ ಕೇಳಾಕತ್ತಾಳ್ರಿ."

"ಏನಂದೆ ನಾನು?"

"ಗುಡ್ಡ ಬಾಳ ಚಂದ ಅದಾವ ಅಂದ್ರಿ."

"ಆಕಿ ಏನ್ ಕೇಳಿದ್ಲು?"

ಮೊದಲ ಆಲಿಕಲ್ಲು ಬಂಡೆಯ ಮೇಲೆ ಬಿದ್ದು ಸಿಡಿಯಿತು.

"ಮೊಣಕಾಲು ನೋಯತೈತೇನು ಅಂತ ಕೇಳಿದ್ಲ್ರಿ. ನೋವಿದ್ರ ತಿರುಗಿ ಹೋಗೂಣು ಅಂದಿದ್ಲು."

"ನೋಯಾಕತ್ತಿತ್ತು," ಅಂದರು ಅವ್ವ. "ಆಕಿಗೆ ಹೇಳು. ಪೂರಾ ಹೇಳು."

ಹೇಳಿದ. ಅಷ್ಟು ವರ್ಷ ಪಾಠ ಹೇಳಿದ ಭಾಷೆಯಲ್ಲಿ ನಾಲ್ಕು ಮಾತು ಜೋಡಿಸಲು ತಡಬಡಿಸಿದ. ಉರ್ಸಿನಾ ಕೊನೆಯವರೆಗೂ ಕೇಳಿಸಿಕೊಂಡಳು. ಬಯ್ಯಲಿಲ್ಲ. ಚೀಲದಿಂದ ಬ್ಯಾಂಡೇಜು ತೆಗೆದು ಅವ್ವನ ಮೊಣಕಾಲಿಗೆ ಬಿಗಿದು ಕಟ್ಟಿದಳು.

"ನಿಮ್ಮ ಚೀಲ ನನಗೆ ಕೊಡಿ. ಅವರನ್ನು ನೀವು ಹೊರಿ. ನಾನು ಕಾಲಿಟ್ಟಲ್ಲೇ ಕಾಲಿಡಬೇಕು, ಬೇರೆಲ್ಲೂ ಇಡಬಾರದು."

ಫಕ್ಕೀರೇಶ ಬಗ್ಗಿದ. ಅವ್ವ ಅವನ ಕೊರಳಿಗೆ ಕೈ ಹಾಕಿ ಬೆನ್ನೇರಿದರು. ಹೊತ್ತಾಗ ಹಗುರವೆನಿಸಿದರು. ನಾಲ್ಕು ಹೆಜ್ಜೆ ಇಳಿಯುವುದರಲ್ಲಿ ಕಲ್ಲಿನಷ್ಟು ಭಾರವಾದರು.

ಆಲಿಕಲ್ಲು ಮುಖಕ್ಕೆ ರಪರಪ ಬಡಿಯುತ್ತಿತ್ತು. ಅವಸರ ಮಾಡಿದರೆ ಕಾಲು ಜಾರುತ್ತಿತ್ತು, ನಿಂತರೆ ತೊಡೆ ನಡುಗುತ್ತಿತ್ತು. ಉರ್ಸಿನಾ ಒಂದು ಹೆಜ್ಜೆ ಇಟ್ಟು, ತಿರುಗಿ ನೋಡಿ, ಇನ್ನೊಂದು ಇಡುತ್ತಿದ್ದಳು.

"ಅವ್ವಾರ, ನನ್ನಿಂದ ತಪ್ಪಾತ್ರಿ."

"ಕಾಲ ಕೆಳಗ ನೋಡು."

ಸ್ವಲ್ಪ ದೂರ ಇಳಿದ. ಬಾಯಿ ಸುಮ್ಮನಿರಲಿಲ್ಲ.

"ನಾ ಸುಳ್ಳು ಹೇಳಿದ್ದು ನಿಮಗ ಆವಾಗನ ತಿಳಿದಿತ್ತೇನ್ರಿ?"

"ಆಕಿ ಕೈ ನನ್ನ ಮೊಣಕಾಲ ಮ್ಯಾಲ ಇತ್ತು. ಗುಡ್ಡದ ಮ್ಯಾಲ ಇರಲಿಲ್ಲ."

"ಮತ್ತ ಯಾಕ ಬಂದ್ರಿ?"

"ನೀನ ಕರಕೊಂಡು ಹೊಂಟಿದ್ದೆಲ್ಲೋ."

ಅವನ ಕಣ್ಣು ಮಂಜಾದವು. ಆದರೆ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಮ್ಯಾಲ ಹೋದ್ರ ನೀವು ಉಪದೇಶ ಕೊಡ್ತೀರಿ ಅಂದ್ಕೊಂಡಿದ್ದೆ," ಎಂದ. "ನಿಮ್ಮ ಗುರುಗಳು ನಿಮಗ ಗುಡ್ಡದ ಮ್ಯಾಲ ಕೊಟ್ಟಂಗ."

ಬೆನ್ನಿನ ಮೇಲೆ ಅವ್ವನ ಮೈ ಅಲುಗಿತು. ನಗುತ್ತಿದ್ದರು.

"ಅವತ್ತು ಒಲಿಗೆ ಕಟಗಿ ಆರಸಾಕ ಹೋಗಿದ್ವೋ. ಕಟಗಿ ಗುಡ್ಡದಾಗ ಇದ್ವು."

ಅಂಥ ಹೊತ್ತಿನಲ್ಲೂ ಫಕ್ಕೀರೇಶನಿಗೆ ತಡೆಯಲಾಗಲಿಲ್ಲ.

"ಅವರು ಏನಂದ್ರು ಅವ್ವಾರ?"

"ಕಾಲ ಕೆಳಗ ನೋಡು."

ಅದು ಗುರುಗಳು ಅಂದು ಹೇಳಿದ್ದೋ, ಈಗ ತನಗೆ ಹೇಳಿದ್ದೋ ಅವನಿಗೆ ತಿಳಿಯಲಿಲ್ಲ. ಕೇಳಲು ಆಗಲೂ ಇಲ್ಲ. ಕಾಲ ಕೆಳಗಿನ ಕಲ್ಲು ಕದಲಿತು. ಅವನು ಮಂಡಿಯೂರಿ ಬಿದ್ದ. ಅಂಗೈ ಕಿತ್ತು ರಕ್ತ ಬಂತು, ಬೆನ್ನ ಮೇಲಿದ್ದವರನ್ನು ಮಾತ್ರ ಬಿಡಲಿಲ್ಲ. ಉರ್ಸಿನಾ ತೋಳು ಹಿಡಿದು ಎತ್ತಿದಳು.

ಆ ಕ್ಷಣಕ್ಕೆ ಲೋಕವೆಲ್ಲ ಬೆಳ್ಳಗಾಗಿ ಹೋಯಿತು. ಸದ್ದಿಗೆ ಕಿವಿ ಮುಚ್ಚಿದಂತಾಯಿತು. ಸಿಡಿಲು ಬಡಿದದ್ದು ಮೇಲೆ, ನೆತ್ತಿಗೆ.

ಮೂವರೂ ಇಳಿದರು.

ದನಗಾಹಿಗಳ ಗುಡಿಸಲಿಗೆ ಬೀಗವಿರಲಿಲ್ಲ. ಉರ್ಸಿನಾ ಒಲೆ ಹೊತ್ತಿಸಿ ನೀರು ಕಾಯಿಸಿದಳು. ಅವ್ವನನ್ನು ಬೆಂಕಿಯ ಹತ್ತಿರ ಕೂರಿಸಿ, ತನ್ನ ಒಣ ಅಂಗಿಯನ್ನು ಅವರ ಭುಜಕ್ಕೆ ಹೊದಿಸಿ, ಕೈಗೆ ಚಹಾದ ಬಟ್ಟಲು ಕೊಟ್ಟಳು. ಮಳೆ ಚಾವಣಿ ಕಿತ್ತು ಹೋಗುವಂತೆ ಹೊಡೆಯುತ್ತಿತ್ತು.

ಫಕ್ಕೀರೇಶ ಕೂರಲಿಲ್ಲ. ಬಾಗಿಲಿಗೂ ಗೋಡೆಗೂ ನಡುವೆ ಸುಮ್ಮನೆ ಅಡ್ಡಾಡಿದ. ಬಟ್ಟೆಯಿಂದ ನೀರು ಇಳಿಯುತ್ತಿತ್ತು.

"ಅವ್ವಾರ," ಎಂದ ಕೊನೆಗೆ. "ಊರಿಗೆ ಹೋದ ಮ್ಯಾಲ ಆಶ್ರಮ ಬಿಡ್ತೀನ್ರಿ. ಉಪದೇಶ ಸಿಗದಿದ್ರ ಬಿಡಬೇಕು ಅಂತ ಮೊದಲ ಅಂದ್ಕೊಂಡಿದ್ದೆ. ಈಗ ನಿಮಗ ಮುಖ ತೋರಸಾಕ ಆಗೂದಿಲ್ಲ, ಅದಕ್ಕ."

ಅವ್ವ ಚಹಾ ಊದಿ ಊದಿ ಕುಡಿಯುತ್ತಿದ್ದರು.

ಉರ್ಸಿನಾ ಆಗ ತಲೆ ಎತ್ತಿದಳು.

"ನಿಮ್ಮ ಗುರುಗಳಿಗೆ ನನ್ನದೊಂದು ಪ್ರಶ್ನೆಯಿದೆ. ಇದನ್ನಾದರೂ ಇದ್ದ ಹಾಗೆ ಹೇಳುತ್ತೀರಾ?"

"ಹೇಳುತ್ತೇನೆ."

"ನಂಬಲಾಗದವನ ಜೊತೆ ನಾನು ಬೆಟ್ಟದಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳುವುದಿಲ್ಲ. ಇವನು ನಿಮ್ಮ ಬಾಯಲ್ಲಿ ಇಲ್ಲದ ಮಾತು ಹೇಳಿ ನಿಮ್ಮ ಜೀವಕ್ಕೇ ಕುತ್ತು ತಂದ. ಇಂಥವನನ್ನು ಯಾಕೆ ಜೊತೆಗಿಟ್ಟುಕೊಂಡಿದ್ದೀರಿ?"

ಅವ್ವ ಬಟ್ಟಲಿನ ಮೇಲಿಂದ ಅವನ ಕಡೆ ನೋಡಿದರು. "ಏನಂತಾಳ ಆಕಿ?"

ಕುತ್ತು ಎಂಬುದನ್ನು ತೊಂದರೆ ಎಂದು ಮಾಡಬಹುದಿತ್ತು. ಇಂಥವನು ಎಂಬುದನ್ನು ಬಿಟ್ಟೇಬಿಡಬಹುದಿತ್ತು. ಹಾಗೆ ಮಾಡುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಫಕ್ಕೀರೇಶ ಬಂದು ಅವ್ವನ ಎದುರಿಗೆ ನೆಲದ ಮೇಲೆ ಕೂತ.

"ನಂಬಾಕಾಗದಂವನ ಜೋಡಿ ನಾ ಗುಡ್ಡದಾಗ ಒಂದ ಹಗ್ಗಕ್ಕ ಕಟ್ಟಿಕೊಳ್ಳೂದಿಲ್ಲ ಅಂತಾಳ್ರಿ. ಇಂವ ನಿಮ್ಮ ಬಾಯಾಗ ಇಲ್ಲದ ಮಾತು ಹೇಳಿ ನಿಮ್ಮ ಜೀವಕ್ಕ ಕುತ್ತು ತಂದಾನ. ಇಂಥವನ್ನ ಯಾಕ ಜೋಡಿ ಇಟ್ಕೊಂಡೀರಿ ಅಂತ ಕೇಳಾಕತ್ತಾಳ್ರಿ."

ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ.

ಅವ್ವ ಬಟ್ಟಲು ಕೆಳಗಿಟ್ಟರು.

"ಈ ಮಾತು ನನಗ ತಂದು ಮುಟ್ಟಿಸಿದಂವ ಯಾರು ಅಂತ ಆಕಿನ್ನ ಕೇಳು."